ಕ್ಯಾಮೆರಾ ಇಟ್ಟರೆ ಇಲಿಗೆ ಏನು ಲಾಭ?

ನೀವು ಕೋಲಾರದಲ್ಲಿ ಎಂ.ಫಾರ್ಮ್ ಓದುತ್ತಿದ್ದೀರಿ. ಪ್ರಾಜೆಕ್ಟಿನ ಇಲಿಗಳ ಮೇಲೆ ಕ್ಯಾಮೆರಾ ಇಟ್ಟು ಎಐನಿಂದ ನೋಡಿಸೋಣ ಅಂತ ಗೈಡ್ ಹೇಳಿದ್ದಾರೆ. ಇದರಿಂದ ಇಲಿಗೆ ನಿಜವಾಗಿ ಒಳ್ಳೆಯದಾಗುತ್ತದೋ, ಸುಮ್ನೆ ಪೇಪರ್‌ನಲ್ಲಿ ಚೆನ್ನಾಗಿ ಕಾಣೋದಕ್ಕೋ ಅಂತ ಕೇಳಿದ್ದೀರಿ.

ಒಳ್ಳೆಯದಾಗುತ್ತದೆ. ಆದರೆ ಕ್ಯಾಮೆರಾ ಕರೆದಾಗ ಎದ್ದು ಬರುವ ಮನುಷ್ಯ ಬೇಕು. ನಾನು ಒಂಬತ್ತು ವರ್ಷದಿಂದ ಅನಿಮಲ್ ಹೌಸ್‌ಗಳಲ್ಲಿ, ಅಂದರೆ ಪ್ರಯೋಗದ ಪ್ರಾಣಿಗಳನ್ನು ಸಾಕುವ ಕಡೆ, ಕೆಲಸ ಮಾಡುತ್ತಿದ್ದೇನೆ, ಈಗ ಇರುವುದೂ ಇದೇ ಜಿಲ್ಲೆಯಲ್ಲಿ.

ನಮ್ಮೂರು ಮುಳಬಾಗಿಲು ಕಡೆ. ಮನೆಯಲ್ಲಿ ಎರಡು ಸೀಮೆಹಸು ಇವೆ. ಅಮ್ಮ ಬೆಳಗ್ಗೆ ಕೊಟ್ಟಿಗೆಗೆ ಹೋದ ತಕ್ಷಣ ಹಸುವಿನ ಕಿವಿ ಮುಟ್ಟಿ ನೋಡುತ್ತಾರೆ. "ಕಿವಿ ತಣ್ಣಗೈತೆ, ಮೆಲುಕೂ ಹಾಕ್ತಿಲ್ಲ, ಡಾಕ್ಟ್ರಿಗೆ ಫೋನ್ ಮಾಡು" ಅನ್ನುತ್ತಾರೆ. ಎರಡೇ ಹಸು, ದಿನವೆಲ್ಲ ಕಣ್ಣೆದುರೇ ಇರುತ್ತವೆ. ನಮ್ಮಲ್ಲಿ ಅರವತ್ತು ಕೇಜ್. ಒಂದೊಂದಕ್ಕೂ ಬೆಳಗ್ಗೆ ಅರ್ಧ ನಿಮಿಷ ಸಿಕ್ಕರೆ ಜಾಸ್ತಿ. ಅದೂ ಅಲ್ಲದೆ ಇಲಿ ರಾತ್ರಿ ಪ್ರಾಣಿ. ತಿನ್ನುವುದು, ಓಡಾಡುವುದು, ಕಿತ್ತಾಡುವುದು ಬಹುತೇಕ ರಾತ್ರಿಯೇ. ನಾವು ಹೋಗಿ ನೋಡುವುದು ಅದು ಮಲಗುವ ಹೊತ್ತಿನಲ್ಲಿ. ಮುಚ್ಚಳ ತೆಗೆದ ಸದ್ದಿಗೆ ನೋವಿರುವ ಇಲಿಯೂ ಎದ್ದು ಓಡಾಡಿಬಿಡುತ್ತದೆ. ಬೆಕ್ಕು, ಹಾವಿನ ಬಾಯಿಗೆ ಬೀಳುವ ಜೀವ ಅಲ್ವಾ, ಯಾರಾದರೂ ಎದುರಿಗಿದ್ದರೆ ನೋವು ತೋರಿಸಿಕೊಳ್ಳುವುದಿಲ್ಲ.

ಮೊದಲು ಕೆಲಸ ಮಾಡಿದ ಜಾಗದಲ್ಲಿ ಒಂದು ವಿಸ್ಟಾರ್ ಇಲಿಗೆ (ಲ್ಯಾಬ್‌ಗಳಲ್ಲಿ ಸಾಕುವ ಬಿಳಿ ಇಲಿಯ ತಳಿ) ಹೊಟ್ಟೆಯ ಆಪರೇಷನ್ ಆಗಿತ್ತು. ಮಾರನೇ ಬೆಳಗ್ಗೆ ನಾನೇ ನೋಡಿದೆ, ಓಡಾಡುತ್ತಿತ್ತು. ರಿಜಿಸ್ಟರ್‌ನಲ್ಲಿ 'ನಾರ್ಮಲ್' ಅಂತ ಬರೆದೆ. ಅದರ ಮಾರನೇ ಬೆಳಗ್ಗೆ ಸತ್ತಿತ್ತು. ರೂಮಿನಲ್ಲಿ ಕ್ಯಾಮೆರಾ ಇತ್ತು, ಆದರೆ ಅದರ ರೆಕಾರ್ಡಿಂಗ್ ಯಾರೂ ನೋಡುತ್ತಿರಲಿಲ್ಲ. ಆಮೇಲೆ ಕೂತು ನೋಡಿದೆವು. ಎರಡು ರಾತ್ರಿಯೂ ಮೂಲೆಯಲ್ಲಿ ಬೆನ್ನು ಗೂನು ಮಾಡಿಕೊಂಡು ಕೂತಿತ್ತು. ನೀರಿನ ಬಾಟಲಿ ಹತ್ತಿರ ಹೋಗಿರಲೇ ಇಲ್ಲ. ಮೊದಲ ರಾತ್ರಿಯೇ ಗೊತ್ತಾಗಿದ್ದರೆ ನೋವಿನ ಇಂಜೆಕ್ಷನ್ ಕೊಡಬಹುದಿತ್ತು. ಉಳಿಯುವುದಿಲ್ಲ ಅನ್ನಿಸಿದರೆ ನೋವಿಲ್ಲದ ಸಾವನ್ನಾದರೂ ಕೊಡಬಹುದಿತ್ತು. ಆ 'ನಾರ್ಮಲ್' ನನ್ನ ಕೈಬರಹದಲ್ಲೇ ಇದೆ.

ಹಾಗಾಗಿ ಈ ವಿಷಯದಲ್ಲಿ ನನಗೆ ಆಸೆ ಜಾಸ್ತಿ. ನಿಮ್ಮ ಕೆಲಸಕ್ಕೆ ದುಬಾರಿ ಸಾಮಾನೂ ಬೇಕಿಲ್ಲ. 2018ರಲ್ಲಿ ಬಂದ ಡೀಪ್‌ಲ್ಯಾಬ್‌ಕಟ್, ವಿಡಿಯೋದಲ್ಲಿ ಪ್ರಾಣಿಯ ಚಲನೆಯನ್ನು ಗುರುತಿಸುವ ಉಚಿತ ಸಾಫ್ಟ್‌ವೇರ್. ಇನ್ನೂರರಷ್ಟು ಫ್ರೇಮ್‌ಗಳಲ್ಲಿ ಮೂಗು, ಕಿವಿ, ಬಾಲದ ಬುಡ ಇಷ್ಟನ್ನು ನೀವು ಗುರುತು ಮಾಡಿಕೊಟ್ಟರೆ ಉಳಿದ ವಿಡಿಯೋದಲ್ಲಿ ಅದೇ ಹುಡುಕುತ್ತದೆ. ರಾತ್ರಿಗೆ ಇನ್‌ಫ್ರಾರೆಡ್ ದೀಪ ಸಾಕು, ಅದರ ಬೆಳಕು ಇಲಿಗೆ ಕಾಣುವುದಿಲ್ಲ.

ಮುಖ ನೋಡಿ ನೋವು ಅಳೆಯುವುದೂ ಇದೆ. 2010ರಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದವರು ಸಣ್ಣ ಇಲಿಗೆ, ಅಂದರೆ ನಾವು ಮೈಸ್ ಅನ್ನುವುದಕ್ಕೆ, ಒಂದು ಅಳತೆ ಮಾಡಿದರು. ಕಣ್ಣು ಎಷ್ಟು ಬಿಗಿದಿದೆ, ಮೂಗು ಮತ್ತು ಕೆನ್ನೆ ಉಬ್ಬಿವೆಯಾ, ಕಿವಿ ಮತ್ತು ಮೀಸೆ ಹೇಗಿವೆ ಅಂತ ಐದಕ್ಕೂ ಸೊನ್ನೆಯಿಂದ ಎರಡರವರೆಗೆ ಅಂಕ. ಮಾರನೇ ವರ್ಷ ದೊಡ್ಡ ಇಲಿಗೂ ಅಂಥದ್ದು ಬಂತು. ಈಗ ಆ ಅಂಕವನ್ನು ಕಂಪ್ಯೂಟರಿಂದ ಹಾಕಿಸುತ್ತಾರೆ. ಆದರೆ ಅರಿವಳಿಕೆ ಕೂಡ ಮುಖವನ್ನು ಬದಲಿಸುತ್ತದೆ. ಆಪರೇಷನ್ ಆದ ತಕ್ಷಣ ಬರುವ ಅಂಕವನ್ನು ಪೂರ್ತಿ ನೋವು ಅಂತ ಓದಬೇಡಿ.

ಎಡವುವ ಜಾಗ ಎಲ್ಲಿದೆ ಅಂತಲೂ ಹೇಳುತ್ತೇನೆ. ಬಿಳಿ ಇಲಿಯಲ್ಲಿ ಕಲಿಸಿದ ಮಾಡೆಲ್ ಕಪ್ಪು ಇಲಿ ಬಂದರೆ ತಡಕಾಡುತ್ತದೆ. ಭತ್ತದ ಹೊಟ್ಟಿನೊಳಗೆ ಹೂತುಕೊಂಡು ಬೆಚ್ಚಗೆ ಮಲಗಿದ ಇಲಿ ಅದಕ್ಕೆ 'ಚಲನೆ ಇಲ್ಲ'. ಮೂರು ಇಲಿ ಒಂದರ ಮೇಲೊಂದು ಮಲಗಿ ಎದ್ದರೆ ಯಾವುದು ಯಾವುದು ಅಂತ ಅದಲುಬದಲು ಮಾಡಿಬಿಡುತ್ತದೆ. ನೀವು ಕೊಡುವ ಔಷಧಿಯೇ ಮಂಪರು ತರುವಂಥದ್ದಾದರೆ ಕಡಿಮೆ ಓಡಾಟಕ್ಕೆ ಅರ್ಥವೇ ಬೇರೆ. ಅದಕ್ಕೇ ಪ್ರತಿ ಇಲಿಯ ಮಾಮೂಲಿ ರಾತ್ರಿ ಹೇಗಿರುತ್ತದೆ ಅಂತ ಮೊದಲೇ ಗೊತ್ತಿರಬೇಕು. ಇಲಿ ಹೊಸದಾಗಿ ಬಂದಾಗ ಒಂದು ವಾರ ಹೊಂದಿಕೊಳ್ಳಲಿ ಅಂತ ಬಿಡುತ್ತೇವಲ್ಲ, ಆ ವಾರವೇ ರೆಕಾರ್ಡ್ ಮಾಡಿಕೊಳ್ಳಿ.

ಕ್ಯಾಮೆರಾ ಬಂತು ಅಂತ ಬೆಳಗಿನ ರೌಂಡ್ ಬಿಡಬೇಡಿ. ಕೇಜ್‌ಗೆ ಪೇಪರ್ ಚೂರು, ಒಂದು ತುಂಡು ಪೈಪ್ ಹಾಕಿ. ಸಣ್ಣ ಇಲಿಯನ್ನು ಬಾಲ ಹಿಡಿದು ಎತ್ತಬೇಡಿ. ಬೊಗಸೆಯಲ್ಲೋ ಪೈಪಿನಲ್ಲೋ ಎತ್ತಿದರೆ ಅದರ ಭಯ ಕಡಿಮೆ ಅಂತ 2010ರಲ್ಲೇ ಲಿವರ್‌ಪೂಲ್ ವಿಶ್ವವಿದ್ಯಾಲಯದವರು ತೋರಿಸಿದ್ದಾರೆ. ಇದಕ್ಕೆ ಯಾವ ಎಐ ಕೂಡ ಬೇಡ.

ಇನ್ನು ಎಥಿಕ್ಸ್ ಕಮಿಟಿಗೆ ಅರ್ಜಿ. ಅಲ್ಲಿ ಸಿಸಿಎಸ್‌ಇಎ, ಅಂದರೆ ಪ್ರಾಣಿ ಪ್ರಯೋಗಗಳ ಮೇಲೆ ನಿಗಾ ಇಡುವ ಕೇಂದ್ರ ಸರ್ಕಾರದ ಸಮಿತಿ, ಕಳಿಸಿದವರೂ ಕೂತಿರುತ್ತಾರೆ. 'ಎಐನಿಂದ ನಿಗಾ' ಅಂತ ಒಂದೇ ಸಾಲು ಬರೆದು ಬಿಡಬೇಡಿ. ಎಷ್ಟು ಗಂಟೆ ನೀರು ಕುಡಿಯದಿದ್ದರೆ ಅಲಾರಂ, ಅದು ಯಾರ ಫೋನಿಗೆ, ಅವರು ಎಷ್ಟು ಹೊತ್ತಿನಲ್ಲಿ ಬರುತ್ತಾರೆ, ಬಂದು ಯಾವ ಔಷಧಿ ಕೊಡುತ್ತಾರೆ, ಯಾವ ಹಂತದಲ್ಲಿ ಪ್ರಯೋಗ ನಿಲ್ಲಿಸಿ ಪ್ರಾಣಿಯನ್ನು ನೋವಿನಿಂದ ಬಿಡಿಸುತ್ತಾರೆ, ಎಲ್ಲ ಬರೆಯಿರಿ. ರಾತ್ರಿ ಕರೆಂಟ್ ಹೋದರೆ ಏನು ಅಂತಲೂ ಬರೆಯಿರಿ.

ಗೈಡ್ ಹತ್ತಿರ ಹೋದಾಗ ಕ್ಯಾಮೆರಾ ಯಾವುದು ಅಂತ ಆಮೇಲೆ ಕೇಳಿ. ಮೊದಲು ರಾತ್ರಿ ಎರಡು ಗಂಟೆಗೆ ಯಾರು ಬರುತ್ತಾರೆ ಅಂತ ಕೇಳಿ, ಹೆಸರು ಬರೆಸಿಕೊಳ್ಳಿ. ನಿಮ್ಮ ಇಲಿಗಳ ಬಣ್ಣ ಯಾವುದು, ಒಂದು ಕೇಜ್‌ನಲ್ಲಿ ಎಷ್ಟಿವೆ ಅಂತ ಇಲ್ಲಿ ಹಾಕಿದರೆ ಕ್ಯಾಮೆರಾ ಮೇಲೆ ಇಡಬೇಕಾ, ಪಕ್ಕದಲ್ಲಾ ಅಂತ ಹೇಳುತ್ತೇನೆ.