ಐವತ್ತು ಮನೆಯ ದ್ರಾಕ್ಷಿ, ಒಂದೇ ಸೊಸೈಟಿಯ ವೈನ್

ಪ್ರಶ್ನೆ: ಇಟಲಿಯಲ್ಲಿ ಕೆಲಸದಲ್ಲಿರುವ ಅಣ್ಣನ ಮಗ ರಜೆಗೆ ಬಂದಾಗ ಒಂದು ಬಾಟಲಿ ವೈನ್ ತಂದಿದ್ದ. ಲೇಬಲ್ಲಿನಲ್ಲಿ ‘ಪ್ರೊಡುತ್ತೋರಿ ದೆಲ್ ಬಾರ್ಬರೆಸ್ಕೊ’ ಎಂದಿತ್ತು. ಇದು ಕಂಪನಿಯದ್ದಲ್ಲ, ರೈತರೇ ಸೇರಿ ನಡೆಸುವ ಸೊಸೈಟಿ ಅಂದ. ಎಲ್ಲರ ದ್ರಾಕ್ಷಿ ಒಟ್ಟಿಗೆ ಸುರಿದರೆ ಕಷ್ಟಪಟ್ಟವನಿಗೂ ಉದಾಸೀನ ಮಾಡಿದವನಿಗೂ ಒಂದೇ ಅಲ್ವಾ? ಹಾಗಿದ್ದೂ ವೈನ್ ಒಳ್ಳೆಯದಾಗುವುದು ಹೇಗೆ?
– ಓದುಗರು, ಶಿರ್ವ

ಉತ್ತರ: ನಾಳೆ ಬೆಳಿಗ್ಗೆ ನಿಮ್ಮ ಹತ್ತಿರದ ಹಾಲಿನ ಸೊಸೈಟಿಗೆ ಹೋಗಿ ಹತ್ತು ನಿಮಿಷ ಸುಮ್ನೆ ನಿಂತುಕೊಳ್ಳಿ. ಅರ್ಧ ಉತ್ತರ ಅಲ್ಲೇ ಇದೆ. ಎಲ್ಲರ ಹಾಲೂ ಕೊನೆಗೆ ಸೇರುವುದು ಒಂದೇ ಕಡೆಗೆ. ಆದರೆ ಸುರಿಯುವ ಮೊದಲು ಪ್ರತಿಯೊಬ್ಬರ ಹಾಲಿನಿಂದ ಒಂದಿಷ್ಟು ತೆಗೆದು ಫ್ಯಾಟ್, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಗಟ್ಟಿ ಅಂಶ) ನೋಡುತ್ತಾರೆ. ನೀರು ಬೆರೆಸಿದವರ ಚೀಟಿಯಲ್ಲಿ ರೇಟು ಇಳಿದಿರುತ್ತದೆ. ಯಾರೂ ಬೈಯಬೇಕಾಗಿಲ್ಲ.

ದ್ರಾಕ್ಷಿ ಸೊಸೈಟಿಯಲ್ಲಿ ಫ್ಯಾಟಿನ ಜಾಗಕ್ಕೆ ಸಕ್ಕರೆ ಬರುತ್ತದೆ. ಅದನ್ನು ಅಳೆಯಲು ರಿಫ್ರಾಕ್ಟೋಮೀಟರ್ ಎಂಬ ಸಾಧನವಿದೆ. ನೋಡಲು ಸಣ್ಣ ದುರ್ಬೀನಿನ ಹಾಗೆ. ಅದರ ಗಾಜಿನ ಮೇಲೆ ಎರಡು ಹನಿ ರಸ ಬಿಟ್ಟು, ಮುಚ್ಚಳ ಹಾಕಿ, ಬೆಳಕಿನ ಕಡೆ ಹಿಡಿದು ಕಣ್ಣಿಟ್ಟರೆ ಒಳಗೆ ನೀಲಿ, ಬಿಳಿಯ ನಡುವೆ ಒಂದು ಗೆರೆ ಕಾಣುತ್ತದೆ. ಗೆರೆ 24ರಲ್ಲಿ ನಿಂತರೆ ನೂರು ಗ್ರಾಂ ರಸದಲ್ಲಿ 24 ಗ್ರಾಂನಷ್ಟು ಸಕ್ಕರೆ ಇದೆ ಅಂತ. ಅದರಿಂದ ಸುಮಾರು ಶೇ 14 ಆಲ್ಕೊಹಾಲ್ ಬರುತ್ತದೆ. 20ರಲ್ಲಿ ನಿಂತರೆ ವೈನೂ ತೆಳು, ರೈತನ ಬಟವಾಡೆಯೂ ತೆಳು. ದೊಡ್ಡ ವೈನರಿಗಳಲ್ಲಿ ಈಗ ಈ ಕೆಲಸ ಮೆಷಿನ್ ಮಾಡುತ್ತದೆ, ಲೆಕ್ಕ ಮಾತ್ರ ಅದೇ.

ಇನ್ನೊಂದು ಕಟ್ಟುಪಾಡು ಇದಕ್ಕಿಂತ ಗಟ್ಟಿ. ನಿಮ್ಮ ಬಾಟಲಿಯ ಸೊಸೈಟಿ ಇರುವ ಬಾರ್ಬರೆಸ್ಕೊ ಊರಿನಲ್ಲಿ ಸದಸ್ಯರು ತಮ್ಮ ನೆಬ್ಬಿಯೋಲೊ ಎಂಬ ಜಾತಿಯ ದ್ರಾಕ್ಷಿಯನ್ನು ಪೂರ್ತಿಯಾಗಿ ಸೊಸೈಟಿಗೇ ಕೊಡಬೇಕು. ಒಳ್ಳೆಯದನ್ನು ಹೊರಗಿನ ವ್ಯಾಪಾರಿಗೆ ಮಾರಿ, ಉಳಿದ ಚರಟವನ್ನು ಸೊಸೈಟಿಗೆ ಹಾಕುವ ಹಾಗಿಲ್ಲ. ಅಡಿಕೆ ಬೆಳೆಗಾರರಿಗೆ ಈ ಆಸೆಯ ಬಗ್ಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ! ಜೊತೆಗೆ ಹೆಕ್ಟೇರಿಗೆ 8 ಟನ್‌ಗಿಂತ ಹೆಚ್ಚು ದ್ರಾಕ್ಷಿ ತೆಗೆಯಬಾರದೆಂದು ಬಾರ್ಬರೆಸ್ಕೊ ವೈನಿನ ಕಾಯ್ದೆಯೇ ಹೇಳುತ್ತದೆ. ಹಾಗಾಗಿ ಬೇಸಿಗೆಯಲ್ಲಿ ರೈತರು ಹಸಿ ಗೊಂಚಲುಗಳನ್ನು ಕತ್ತರಿಸಿ ನೆಲಕ್ಕೆ ಬಿಡುತ್ತಾರೆ. ನಮ್ಮ ಹಿರಿಯರು ನೋಡಿದರೆ ಹೊಟ್ಟೆ ಉರಿದುಕೊಂಡಾರು. ಆದರೆ ಉಳಿದ ಗೊಂಚಲುಗಳಿಗೆ ಸಿಹಿ ತುಂಬುವುದು ಹೀಗೇ.

ಈ ಊರಿನ ಕತೆ ನಮ್ಮ ಕ್ಯಾಂಪ್ಕೊ ಕತೆಯನ್ನು ನೆನಪಿಸುತ್ತದೆ. ಅಡಿಕೆ ಬೆಲೆ ಬಿದ್ದು ಬೆಳೆಗಾರರು ಕಂಗಾಲಾಗಿದ್ದಾಗ 1973ರಲ್ಲಿ ಮಂಗಳೂರಿನಲ್ಲಿ ಅವರದೇ ಸಹಕಾರಿ ಸಂಸ್ಥೆ ಕ್ಯಾಂಪ್ಕೊ ಹುಟ್ಟಿತಲ್ಲ, ಬಾರ್ಬರೆಸ್ಕೊದಲ್ಲೂ ಹೀಗೇ. 1894ರಲ್ಲಿ ದೊಮಿತ್ಸಿಯೊ ಕವಾತ್ಸಾ ಎಂಬ ವೈನ್ ಶಾಲೆಯ ಮುಖ್ಯಸ್ಥರು ಒಂಬತ್ತು ಬೆಳೆಗಾರರನ್ನು ಕೂಡಿಸಿದರು. ಅದಕ್ಕೂ ಮೊದಲು ಆ ಊರಿನ ದ್ರಾಕ್ಷಿ ಪಕ್ಕದ ಬಾರೋಲೊ ವೈನಿಗೆ ಸೇರಿಹೋಗುತ್ತಿತ್ತು. ಫ್ಯಾಸಿಸ್ಟರ ಕಾಲದಲ್ಲಿ ಆ ಸೊಸೈಟಿ ಮುಚ್ಚಿತು. 1958ರಲ್ಲಿ ಊರಿನ ಪಾದ್ರಿ ಫಿಯೊರೀನೊ ಮರೆಂಗೊ 19 ಮಂದಿಯನ್ನು ಸೇರಿಸಿ ಮತ್ತೆ ಶುರು ಮಾಡಿದರು. ಮೊದಲ ವೈನ್‌ಗಳು ಆದದ್ದು ಇಗರ್ಜಿಯ ನೆಲಮಾಳಿಗೆಯಲ್ಲಿ. ಈಗ ಸದಸ್ಯರು ಐವತ್ತರ ಆಸುಪಾಸು.

ದ್ರಾಕ್ಷಿ ಕೊಯ್ಲು ಅಕ್ಟೋಬರಿನಲ್ಲಿ. ತೊಟ್ಟು ಬಿಡಿಸಿ, ಹಣ್ಣು ಒಡೆದು, ಸಿಪ್ಪೆ ಸಮೇತ ಟ್ಯಾಂಕಿಗೆ ಹಾಕುತ್ತಾರೆ. ಯೀಸ್ಟ್ ಸಕ್ಕರೆ ತಿಂದು ಆಲ್ಕೊಹಾಲ್ ಮಾಡುತ್ತದೆ, ಗ್ಯಾಸ್ ಬಿಡುತ್ತದೆ. ಆ ಗ್ಯಾಸಿಗೆ ಸಿಪ್ಪೆಯೆಲ್ಲ ಮೇಲೆದ್ದು ದಪ್ಪ ಹೊದಿಕೆಯಾಗುತ್ತದೆ. ಕೆಂಪು ಬಣ್ಣ ಇರುವುದೇ ಸಿಪ್ಪೆಯಲ್ಲಿ. ಆದ್ದರಿಂದ ತಳದ ರಸವನ್ನು ಪಂಪು ಮಾಡಿ ಅದರ ಮೇಲೆ ಸುರಿಯುತ್ತಲೇ ಇರುತ್ತಾರೆ. ಆಮೇಲೆ ಬ್ಯಾಕ್ಟೀರಿಯಾದ ಸರದಿ. ಹಸಿ ಸೇಬಿನಂಥ ಒರಟು ಹುಳಿಯನ್ನು ಅದು ಮಜ್ಜಿಗೆಯಂಥ ಮೆದು ಹುಳಿಯಾಗಿ ಬದಲಿಸುತ್ತದೆ. ಕೊನೆಗೆ ಓಕ್ ಮರದ ದೊಡ್ಡ ಪೀಪಾಯಿಗಳಲ್ಲಿ ವಿಶ್ರಾಂತಿ. ಬಾರ್ಬರೆಸ್ಕೊ ಮಾರಾಟಕ್ಕೆ ಬರಬೇಕಾದರೆ ಕನಿಷ್ಠ 26 ತಿಂಗಳು ಕಾಯಬೇಕು, ಅದರಲ್ಲಿ 9 ತಿಂಗಳು ಮರದಲ್ಲೇ.

ಮತ್ತೆ, ಎಲ್ಲವನ್ನೂ ಬೆರೆಸುತ್ತಾರೆ ಅಂತಲೂ ಅಲ್ಲ. ಒಳ್ಳೆಯ ವರ್ಷಗಳಲ್ಲಿ ಅಸಿಲಿ, ಒವೆಲ್ಲೊ, ಮೊಂತೆಸ್ತೆಫನೊ ಹೀಗೆ ಒಂಬತ್ತು ಗುಡ್ಡಗಳ ದ್ರಾಕ್ಷಿಯನ್ನು ಬೇರೆಬೇರೆಯಾಗಿಯೇ ಬಾಟಲಿ ಮಾಡುತ್ತಾರೆ. ಮಟ್ಟುಗುಳ್ಳ ಬದನೆ ಮಟ್ಟು ಊರಿನ ಮಣ್ಣಿನದ್ದೇ ಆಗಬೇಕು ಅನ್ನುತ್ತೇವಲ್ಲ, ಅದೇ ಹಠ.

ಹಾಗಂತ ಸೊಸೈಟಿ ಎಂದರೆ ಒಳ್ಳೆಯ ವೈನ್ ಎಂದು ತಿಳಿಯಬೇಡಿ. ಯುರೋಪಿನಲ್ಲಿ ಬರೀ ತೂಕ ನೋಡಿ ದುಡ್ಡು ಕೊಟ್ಟ ಸೊಸೈಟಿಗಳು ಬೇಕಾದಷ್ಟಿದ್ದವು. ಅವು ನೀರಿನಂಥ ವೈನನ್ನೇ ಮಾಡಿದವು.

ಪ್ರಶ್ನೆ: ಕ್ರಿಸ್‌ಮಸ್‌ಗೆಂದು ಭರಣಿಯಲ್ಲಿ ಹಾಕಿದ ದ್ರಾಕ್ಷಿ ವೈನ್ ಕಳೆದ ವರ್ಷ ವಿನೆಗರ್ ಆಯಿತು. ಎಲ್ಲಿ ತಪ್ಪಿತು?
– ಓದುಗರು, ಕಂಕನಾಡಿ, ಮಂಗಳೂರು

ಉತ್ತರ: ಗಾಳಿ. ನೊರೆ ನಿಂತ ಮೇಲೂ ಭರಣಿ ಅರ್ಧ ಖಾಲಿ ಇದ್ದರೆ, ದಿನಾ ತೆರೆದು ಕಲಕುತ್ತಿದ್ದರೆ, ಆಲ್ಕೊಹಾಲನ್ನು ವಿನೆಗರ್ ಮಾಡುವ ಬ್ಯಾಕ್ಟೀರಿಯಾಕ್ಕೆ ಹಬ್ಬ. ನಮ್ಮೂರಿನ ಸೆಕೆಯೂ ಅದಕ್ಕೆ ಸಹಾಯ ಮಾಡುತ್ತದೆ. ಮೊದಲ ಕೆಲವು ದಿನ ಬಟ್ಟೆ ಕಟ್ಟಿ ಕಲಕಿ, ಗುಳ್ಳೆ ನಿಂತ ಕೂಡಲೇ ಸೋಸಿ ಕಂಠದವರೆಗೆ ತುಂಬಿದ ಬಾಟಲಿಗೆ ಹಾಕಿ. ಗುಳ್ಳೆ ಬರುತ್ತಿರುವಾಗಲೇ ಬಿಗಿಯಾಗಿ ಮುಚ್ಚಬೇಡಿ. ನಾನು ಹಾಗೆ ಮಾಡಿ ಬಾಟಲಿ ಒಡೆದು, ಅಡುಗೆಮನೆಯ ಮಾಡಿನ ಮೇಲೆ ಬಿದ್ದ ಕಲೆ ಎರಡು ಸಲ ಸುಣ್ಣ ಬಳಿದರೂ ಹೋಗಿಲ್ಲ. ಮಾರುವ ಯೋಚನೆಯಿದ್ದರೆ ಅಬಕಾರಿ ಲೈಸೆನ್ಸ್ ಬೇಕೇ ಬೇಕು.

ಪ್ರಶ್ನೆ: ನಮ್ಮ ಕರಾವಳಿಯಲ್ಲೂ ಇಂಥ ವೈನ್ ಸೊಸೈಟಿ ಮಾಡಬಹುದಾ?
– ಓದುಗರು, ಕಾರ್ಕಳ

ಉತ್ತರ: ದ್ರಾಕ್ಷಿ ನಂಬಿಕೊಂಡರೆ ಕಷ್ಟ. ನಮ್ಮ ಮಳೆಗೆ ಬಳ್ಳಿಗೆ ಬೂಷ್ಟು ಹಿಡಿಯುತ್ತದೆ. ಅದು ನಂದಿ ಬೆಟ್ಟ, ವಿಜಯಪುರದ ಕಡೆಯ ಬೆಳೆ. ನಮ್ಮಲ್ಲಿ ಜಾಸ್ತಿ ಹಾಳಾಗುವ ಹಣ್ಣೆಂದರೆ ಗೇರು. ಬೀಜ ತಿರುವಿಕೊಂಡು ಹಣ್ಣನ್ನು ಮರದ ಬುಡದಲ್ಲೇ ಬಿಡುತ್ತೇವೆ. ಅದರಲ್ಲಿ ಸಕ್ಕರೆ ದ್ರಾಕ್ಷಿಯ ಅರ್ಧದಷ್ಟು, ಗಂಟಲು ಹಿಡಿಯುವ ಒಗರು ಬೇರೆ. ಒಗರು ತೆಗೆಯುವ ದಾರಿಗಳಿವೆ, ಪುತ್ತೂರಿನ ಗೇರು ಸಂಶೋಧನಾ ನಿರ್ದೇಶನಾಲಯದಲ್ಲಿ ವಿಚಾರಿಸಿ. ನಿಜವಾದ ತಲೆನೋವು ಬೇರೆಯದು. ಬಿದ್ದ ಗೇರುಹಣ್ಣು ಒಂದೇ ದಿನದಲ್ಲಿ ಕೊಳೆಯುತ್ತದೆ. ಹಾಲಿನ ಹಾಗೆ ಅದನ್ನೂ ದಿನಾ ಬೆಳಿಗ್ಗೆ ಮನೆಮನೆಯಿಂದ ತರಿಸಬೇಕು. ಅಷ್ಟು ಗಾಡಿ, ಅಷ್ಟು ಜನ ಏಪ್ರಿಲ್ ಸೆಕೆಯಲ್ಲಿ ಸಿಗುತ್ತಾರಾ ಎಂದು ಮೊದಲು ನಿಮ್ಮ ಊರಲ್ಲಿ ಲೆಕ್ಕ ಹಾಕಿ ನೋಡಿ.