ಯಾವ ಗೊಬ್ಬರ ಅನ್ನೋದು ಆಮೇಲೆ

ಕೈತೋಟಕ್ಕೆ ಹೊಸಬರು, ಮಣ್ಣಿನ ಸತ್ವ ಬೇಗ ಹೆಚ್ಚಬೇಕು, ಯಾವ ಗೊಬ್ಬರ ಹಾಕಲಿ ಎಂದು ಕೇಳಿದ್ದೀರಿ. ಶುರುವಿನಲ್ಲಿ ನಾನೂ ಸಿಕ್ಕವರನ್ನೆಲ್ಲ ಇದನ್ನೇ ಕೇಳುತ್ತಿದ್ದೆ. ಆಗ ಒಬ್ಬರು ಮೂಟೆಗಟ್ಟಲೆ ಮರದ ಹೊಟ್ಟು ಕೊಟ್ಟರು. ಕೊಳೆತರೆ ಎಲ್ಲವೂ ಗೊಬ್ಬರವೇ ಅಲ್ವಾ ಎಂದುಕೊಂಡು, ಹಸಿ ಹೊಟ್ಟನ್ನು ಗೇಣುದ್ದ ಆಳಕ್ಕೆ ಅಗೆದು ಬೆರೆಸಿ, ಕೂಡಲೇ ಟೊಮ್ಯಾಟೊ ಸಸಿ ನೆಟ್ಟುಬಿಟ್ಟೆ.

ಗಿಡ ಮೇಲೇಳಲೇ ಇಲ್ಲ. ಮೊದಲು ಬುಡದ ಎಲೆಗಳು ಹಳದಿಯಾದವು, ಆಮೇಲೆ ಅವುಗಳ ಮೇಲಿನವು. ತುದಿಯಲ್ಲಿ ಮಾತ್ರ ಒಂದಿಷ್ಟು ಹಸಿರು. ಬುಡ ಕೆದಕಿದರೆ ಹೊಟ್ಟು ಹಾಕಿದ ಹಾಗೇ ಇತ್ತು, ಒದ್ದೆಯಾಗಿತ್ತು ಅಷ್ಟೇ.

ಆಗಿದ್ದೇನು ಅಂದರೆ, ಹೊಟ್ಟಿನಲ್ಲಿ ಒಂದು ಪಾಲು ಸಾರಜನಕಕ್ಕೆ ನೂರಾರು ಪಾಲು ಇಂಗಾಲ ಇರುತ್ತದೆ. ಕಾಂಪೋಸ್ಟ್ ರಾಶಿ ಚೆನ್ನಾಗಿ ಕೊಳೆಯಲು ಬೇಕಾದದ್ದು 25ರಿಂದ 30 ಪಾಲು ಮಾತ್ರ. ಹೊಟ್ಟು ಕೊಳೆಸುವ ಸೂಕ್ಷ್ಮಜೀವಿಗಳೂ ಬೆಳೆಯಬೇಕಲ್ಲ, ಅವಕ್ಕೂ ಸಾರಜನಕ ಬೇಕು. ಹೊಟ್ಟಿನಲ್ಲಿ ಸಾಲದ್ದನ್ನು ಸುತ್ತಲ ಮಣ್ಣಿನಿಂದ ಎಳೆದುಕೊಳ್ಳುತ್ತವೆ. ಬೇರಿಗೆ ಏನೂ ಉಳಿಯುವುದಿಲ್ಲ. ಗಿಡ ಹಳೆ ಎಲೆಯ ಸಾರಜನಕವನ್ನೇ ಹೀರಿ ಚಿಗುರಿಗೆ ಕೊಡುತ್ತದೆ. ಹಳದಿ ಕೆಳಗಿನಿಂದ ಶುರುವಾಗುವುದು ಅದಕ್ಕೇ. ಅದೇ ಹೊಟ್ಟನ್ನು ಬೆರೆಸದೆ ಸುಮ್ನೆ ಮೇಲೆ ಹರಡಿದ್ದರೆ ಗಿಡ ಬದುಕುತ್ತಿತ್ತು. ಆಗ ಈ ಎಳೆದಾಟ ಮಣ್ಣಿನ ಮೇಲ್ಪದರದಲ್ಲೇ ಮುಗಿಯುತ್ತದೆ, ಬೇರಿನ ತನಕ ಇಳಿಯುವುದಿಲ್ಲ. ನನ್ನ ಬೆಳೆ ಹಾಳಾದದ್ದು ಹೊಟ್ಟಿನಿಂದಲ್ಲ, ಅಗೆದು ಬೆರೆಸಿದ್ದರಿಂದ.

ಹಾಗಾಗಿ ಯಾವ ಗೊಬ್ಬರ ಅನ್ನುವ ಪ್ರಶ್ನೆಯನ್ನೇ ಸದ್ಯಕ್ಕೆ ಬಿಡಿ. ಬೇಗ ಅನ್ನುವುದನ್ನೂ ಬಿಡಿ. ಪೂರ್ತಿ ಕಳಿತ ಕಾಂಪೋಸ್ಟನ್ನು ಎರಡು ಮೂರು ಸೆಂಟಿಮೀಟರ್ ದಪ್ಪ ಹರಡಿ, ಅದರ ಮೇಲೆ ಒಣ ಎಲೆ ಹೊದಿಸಿ. ಎಲೆ ಕಾಂಡಕ್ಕೆ ತಾಗದಿರಲಿ. ಅಗೆಯಬೇಡಿ, ಎರೆಹುಳು ನಿಧಾನಕ್ಕೆ ಕೆಳಗೆ ಒಯ್ಯುತ್ತದೆ. ಪ್ರತಿ ಬೆಳೆಗೂ ಹೀಗೇ ಮಾಡಿ. ಕಳಿತಿದೆಯೋ ಇಲ್ಲವೋ ಅನ್ನುವುದು ಕೈಗೇ ಗೊತ್ತಾಗುತ್ತದೆ. ಬಿಸಿ ಇರಬಾರದು, ಮಣ್ಣಿನ ವಾಸನೆ ಬರಬೇಕು, ಇದು ಎಲೆ ಇದು ಸಿಪ್ಪೆ ಎಂದು ಗುರುತು ಸಿಗಬಾರದು. ಹಸಿ ಸಗಣಿಯನ್ನಂತೂ ಸಸಿಯ ಬುಡಕ್ಕೆ ಹಾಕಲೇಬೇಡಿ, ಬೇರು ಸುಡುತ್ತದೆ. ರಂಜಕ, ಪೊಟ್ಯಾಷ್ ಚೀಲಗಳನ್ನು ಮಣ್ಣು ಪರೀಕ್ಷೆ ಮಾಡಿಸದೆ ಕೊಳ್ಳುವುದು ದಂಡ. ಇರುವುದರ ಮೇಲೆ ಇನ್ನಷ್ಟು ಸುರಿದ ಹಾಗಾಗಬಹುದು.

ನೀವೂ ಆಗಲೇ ಹಸಿ ಹೊಟ್ಟೋ ಒಣ ಎಲೆಯೋ ಬೆರೆಸಿಬಿಟ್ಟಿದ್ದರೆ, ಆ ಮಡಿಯಲ್ಲಿ ಈ ಸಲ ಅಲಸಂದೆ ಬಿತ್ತಿ. ಅದರ ಬೇರಿನ ಗಂಟುಗಳಲ್ಲಿರುವ ಬ್ಯಾಕ್ಟೀರಿಯಾ ಗಾಳಿಯಿಂದಲೇ ಸಾರಜನಕ ಹಿಡಿದುಕೊಡುತ್ತವೆ. ಕೊಯ್ಲಾದ ಮೇಲೆ ಗಿಡವನ್ನು ಕೀಳದೆ ಬುಡಕ್ಕೆ ಕತ್ತರಿಸಿ, ಬೇರು ಮಣ್ಣಲ್ಲೇ ಇರಲಿ.