ಟಾರ್ಚ್ ಎಲ್ಲಿಂದ ಬಂತು

ನಾನು ಕೊಡಗಿನಲ್ಲಿ ಆಪ್ತಸಮಾಲೋಚಕಿ. ಜುಲೈ–ಆಗಸ್ಟಿನ ಕಕ್ಕಡ ತಿಂಗಳ ಮಳೆ ಜೋರಾದ ಕೂಡಲೇ ನನ್ನ ಹತ್ತಿರ ಬರುವವರು ಜಾಸ್ತಿಯಾಗುತ್ತಾರೆ. 2018ರ ಆಗಸ್ಟ್‌ನಲ್ಲಿ ಇಲ್ಲಿ ಗುಡ್ಡಗಳು ಕುಸಿದ ಮೇಲೆ ಹೀಗೆ. ಹೆಂಚಿನ ಮೇಲೆ ಸದ್ದು ಏರಿದರೆ ನಿದ್ದೆ ಇಲ್ಲ ಅನ್ನುತ್ತಾರೆ. ಸ್ವಲ್ಪ ಹೊತ್ತು ಮಾತಾಡಿದರೆ ಒಳಗಿನ ಜಗಳ ಹೊರಗೆ ಬರುತ್ತದೆ. ಗುಡ್ಡ ಕುಸಿದ ಆ ರಾತ್ರಿ ಯಾರು ಏನು ಹೇಳಿದರು, ಯಾರು ಏನು ಮಾಡಲಿಲ್ಲ ಅನ್ನುವುದೇ ಆ ಜಗಳ. ಒಂದೇ ಮನೆಯಿಂದ ಓಡಿ ಬಂದವರು, ಒಂದೇ ಜೀಪಿನಲ್ಲಿ ಕೂತವರು. ಆದರೂ ಒಬ್ಬೊಬ್ಬರು ಹೇಳುವುದು ಒಂದೊಂದು. ಎಲ್ಲರೂ ಆಣೆ ಇಟ್ಟು ಹೇಳುತ್ತಾರೆ.

ಇಂಥ ಪ್ರಕರಣಗಳಲ್ಲಿ ಒಂದನ್ನು ಬರೆಯಲೇಬೇಕು ಅನ್ನಿಸಿದ್ದು ಅದರಲ್ಲಿ ನನ್ನದೂ ಒಂದು ತಪ್ಪು ಇರುವುದರಿಂದ. ಊರು, ವಯಸ್ಸು, ಮನೆಯ ವಿವರ ಬದಲಾಯಿಸಿದ್ದೇನೆ. ಅವರ ಒಪ್ಪಿಗೆ ಇದೆ. ಇಲ್ಲಿ ಅವರನ್ನು ಅಕ್ಕ ಎಂದೇ ಕರೆಯುತ್ತೇನೆ.

ಅಕ್ಕ ಬಂದದ್ದು ಆ ಮಳೆಗಾಲ ಕಳೆದು ಆರು ವರ್ಷಕ್ಕೆ, ‘ಮರೆವಿನ ಕಾಯಿಲೆ’ ಅಂತ. ಒಲೆ ಮೇಲೆ ಹಾಲಿಟ್ಟು ಮರೆಯುವುದು, ಬೀಗ ಹಾಕಿದೆನೋ ಇಲ್ಲವೋ ಅಂತ ತಿರುಗಿ ಬರುವುದು. ಮರೆವು ಅಂತ ಬಂದವರನ್ನು ನಾನು ಮೊದಲು ಡಾಕ್ಟರ ಹತ್ತಿರ ಕಳಿಸುತ್ತೇನೆ. ಥೈರಾಯ್ಡ್ ಏರುಪೇರಾದರೂ, ಬಿ12 ಕಡಿಮೆಯಾದರೂ ಮರೆವು ಬರಬಹುದು. ಅವರ ರಿಪೋರ್ಟ್ ಎಲ್ಲ ಸರಿಯಿತ್ತು. ಸರಿಯಿಲ್ಲದ್ದು ನಿದ್ದೆ. ನಿದ್ದೆ ಕೆಟ್ಟವರ ಗಮನ ನಿಲ್ಲುವುದಿಲ್ಲ, ಗಮನ ಇಲ್ಲದೆ ಮಾಡಿದ ಕೆಲಸ ನೆನಪಿಗೆ ಇಳಿಯುವುದೇ ಇಲ್ಲ. ಬೀಗ ಹಾಕಿದ್ದು ಮರೆತುಹೋದದ್ದಲ್ಲ. ಅದು ಒಳಗೆ ದಾಖಲೇ ಆಗಿರಲಿಲ್ಲ.

ನಿದ್ದೆ ಕೆಡಿಸಿದ್ದು ಒಂದು ಹಸು, ಗೌರಿ. ಆ ರಾತ್ರಿ ಅವ್ವನನ್ನು ಹಿಡಿದುಕೊಂಡು ಅಕ್ಕ, ತಮ್ಮ ಇಬ್ಬರೂ ಮನೆ ಬಿಟ್ಟರು. ಹಸು ಕೊಟ್ಟಿಗೆಯಲ್ಲಿ ಕಟ್ಟಿದ ಹಾಗೇ ಉಳಿಯಿತು. ಮೂರನೇ ದಿನ ನೋಡಿದರೆ ಕೊಟ್ಟಿಗೆಯೂ ಇಲ್ಲ, ಅಂಗಳವೂ ಇಲ್ಲ. ಅವ್ವ ಆಮೇಲೆ ಹೆಚ್ಚು ಮಾತಾಡಲಿಲ್ಲ. ಎರಡು ವರ್ಷಕ್ಕೆ ತೀರಿಕೊಂಡರು. ‘ನೀನು ಹಗ್ಗ ಬಿಚ್ಚಿದ್ದರೆ ಅವ್ವ ಇನ್ನೂ ಇರುತ್ತಿದ್ದರು’ ಅಂತ ತಿಥಿಯ ದಿನ ತಮ್ಮ ಹೇಳಿದ್ದೇ ಕೊನೆ, ಮಾತು ನಿಂತಿತು.

ತಮ್ಮ ಹೇಳುವುದು ಹೀಗೆ: ‘ಬಿಚ್ಚಿದ್ದೇನೆ, ನೀನು ನಡಿ ಅಂತ ಅಕ್ಕ ಹೇಳಿದಳು.’ ಅಕ್ಕ ಹೇಳುವುದು: ‘ಗೌರಿಯನ್ನು ಬಿಚ್ಚು ಅಂತ ನಾನು ಅವನಿಗೆ ಹೇಳಿದೆ, ಅವನು ತಲೆಯಾಡಿಸಿದ.’

ಎರಡನೇ ಭೇಟಿಯಲ್ಲಿ ನಾನು ಒಂದು ಪ್ರಶ್ನೆ ಕೇಳಿದೆ. ‘ಕತ್ತಲಲ್ಲಿ ಅವರು ತಲೆಯಾಡಿಸಿದ್ದು ನಿಮಗೆ ಕಾಣಿಸಿತಾ? ಬೆಳಕು ಎಲ್ಲಿಂದ ಬರುತ್ತಿತ್ತು?’ ಅಕ್ಕ ಸುಮ್ಮನಿದ್ದರು. ಮೂರನೇ ಭೇಟಿಯಲ್ಲಿ ಆ ರಾತ್ರಿಯನ್ನು ಮತ್ತೆ ಹೇಳುವಾಗ ತಮ್ಮನ ಕೈಯಲ್ಲಿ ಟಾರ್ಚ್ ಇತ್ತು. ಹಳದಿ ಬೆಳಕು, ಒದ್ದೆ ಮುಖ, ಎಲ್ಲ ಸ್ಪಷ್ಟ. ನನ್ನ ಮೊದಲ ದಿನದ ಟಿಪ್ಪಣಿ ತೆಗೆದು ನೋಡಿದೆ. ಟಾರ್ಚ್ ಎಂಬ ಪದವೇ ಇರಲಿಲ್ಲ. ಬೆಳಕು ಕೇಳಿದ್ದು ನಾನು, ಅವರ ಮನಸ್ಸು ಹುಡುಕಿ ಕೊಟ್ಟಿತು.

ಇದು ಗೊತ್ತಿಲ್ಲದ ವಿಷಯವಲ್ಲ. 1974ರಲ್ಲಿ ಮನಶ್ಶಾಸ್ತ್ರಜ್ಞರಾದ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ ಅಮೆರಿಕದಲ್ಲಿ ವಿದ್ಯಾರ್ಥಿಗಳಿಗೆ ಕಾರು ಅಪಘಾತದ ಫಿಲ್ಮ್ ತೋರಿಸಿದರು. ಕಾರುಗಳು ‘ತಾಗಿದಾಗ’ ವೇಗ ಎಷ್ಟಿತ್ತು ಅಂತ ಕೆಲವರನ್ನು, ‘ಅಪ್ಪಳಿಸಿದಾಗ’ ಎಷ್ಟಿತ್ತು ಅಂತ ಕೆಲವರನ್ನು ಕೇಳಿದರು. ವಾರದ ನಂತರ, ಒಡೆದ ಗಾಜು ನೋಡಿದಿರಾ ಎಂದು ಕೇಳಿದಾಗ ‘ತಾಗಿದ’ ಗುಂಪಿನ 50 ಜನರಲ್ಲಿ 7 ಮಂದಿ, ‘ಅಪ್ಪಳಿಸಿದ’ ಗುಂಪಿನ 50ರಲ್ಲಿ 16 ಮಂದಿ ಹೌದು ಅಂದರು. ಫಿಲ್ಮ್‌ನಲ್ಲಿ ಗಾಜು ಒಡೆದೇ ಇರಲಿಲ್ಲ. ಇದನ್ನು ಓದಿಕೊಂಡ ನಾನೇ ಹಾಗೆ ಕೇಳಿದೆ. ಅದು ನನಗೆ ಇವತ್ತಿಗೂ ಹಿತವಿಲ್ಲ. ಅಕ್ಕನಿಗೆ ನೇರವಾಗಿ ಹೇಳಿದೆ: ‘ಈ ಟಾರ್ಚ್ ನನ್ನ ಪ್ರಶ್ನೆಯಿಂದ ಬಂದಿರಬಹುದು.’ ಅವರಿಗೆ ಸಿಟ್ಟು ಬಂತು. ‘ನಾನು ಸುಳ್ಳು ಹೇಳ್ತೀನಾ ಮೇಡಂ?’ ಎಂದು ಎದ್ದು ಹೋದರು.

ಇನ್ನು ಬರುವುದಿಲ್ಲ ಅಂದುಕೊಂಡೆ. ಹದಿನೈದು ದಿನಕ್ಕೆ ಬಂದರು, ಕೈಯಲ್ಲಿ ಚಿಕ್ಕಮ್ಮನ ಹಳೇ ಫೋನು. ಪರಿಹಾರ ಕೇಂದ್ರ ಸೇರಿದ ಮರುದಿನ ಅಕ್ಕ ಮೈಸೂರಿನ ಚಿಕ್ಕಮ್ಮನಿಗೆ ಕಳಿಸಿದ್ದ ವಾಟ್ಸಾಪ್ ಧ್ವನಿ ಸಂದೇಶ ಅದರಲ್ಲಿ ಉಳಿದಿತ್ತು. ಅದು ಇದ್ದದ್ದೇ ಅವರಿಗೆ ನೆನಪಿರಲಿಲ್ಲ. ಮನೆಯಲ್ಲಿ ಒಂದು ಸಲ ಕೇಳಿದ್ದರು. ನನ್ನ ಮುಂದೆ ಇನ್ನೊಂದು ಸಲ ಹಾಕಿದರು.

ಹಿಂದೆ ಮಕ್ಕಳ ಗಲಾಟೆ, ಪಾತ್ರೆ ಸದ್ದು. ಕೊಡಗಿನ ಕಡೆಯ ಅರೆಭಾಷೆಯಲ್ಲಿ ಅಕ್ಕನ ಒಡೆದ ಧ್ವನಿ. ಕನ್ನಡದಲ್ಲಿ ಹೇಳಿದರೆ ಇಷ್ಟು: ತಮ್ಮ ಮುಂದೆ ದಾರಿ ಹುಡುಕುತ್ತಾ ಹೋದ, ನಾನು ಅವ್ವನ ಕೈ ಹಿಡಿದುಕೊಂಡಿದ್ದೆ, ಏನೂ ಕಾಣುತ್ತಿರಲಿಲ್ಲ, ಸದ್ದು ಮಾತ್ರ. ಆಮೇಲೆ, ‘ಗೌರಿಯ ನೆನಪು ನಮಗೆ ಯಾರಿಗೂ ಬರಲಿಲ್ಲ ಚಿಕ್ಕಮ್ಮ. ಜೀಪು ಹತ್ತಿದ ಮೇಲೆ ಅವ್ವ ಕೇಳಿದರು.’

ಫೋನು ಮೇಜಿನ ಮೇಲಿಟ್ಟು ಅಕ್ಕ ಹೇಳಿದರು: ‘ಧ್ವನಿ ನನ್ನದೇ ಮೇಡಂ. ಮಾತು ಯಾರದ್ದೋ.’

ಆ ಮಾತು ಕೇಳಿ ನನಗೆ ಮೈ ಜುಮ್ಮೆಂದಿತು. ಇಂಥದ್ದನ್ನೇ ಒಂದು ಅಧ್ಯಯನದಲ್ಲಿ ಓದಿದ್ದೆ. 1986ರ ಜನವರಿ 28ರಂದು ಅಮೆರಿಕದ ಚಾಲೆಂಜರ್ ಬಾಹ್ಯಾಕಾಶ ನೌಕೆ ಸ್ಫೋಟಿಸಿತು. ಮರುದಿನ ಬೆಳಿಗ್ಗೆ ಮನಶ್ಶಾಸ್ತ್ರಜ್ಞ ಅಲ್ರಿಕ್ ನೈಸರ್ ಎಮೊರಿ ವಿಶ್ವವಿದ್ಯಾಲಯದ 106 ವಿದ್ಯಾರ್ಥಿಗಳಿಂದ, ಸುದ್ದಿ ಕೇಳಿದಾಗ ಎಲ್ಲಿದ್ದಿರಿ, ಯಾರು ಹೇಳಿದರು ಅಂತ ಬರೆಸಿಕೊಂಡರು. ಎರಡೂವರೆ ವರ್ಷ ದಾಟಿದ ಮೇಲೆ ನೈಸರ್ ಮತ್ತು ನಿಕೋಲ್ ಹಾರ್ಶ್ ಆ ವಿದ್ಯಾರ್ಥಿಗಳಲ್ಲಿ 44 ಮಂದಿಯನ್ನು ಅದನ್ನೇ ಮತ್ತೆ ಕೇಳಿದರು. 11 ಮಂದಿ ಹೇಳಿದ ಮುಖ್ಯ ವಿವರಗಳಲ್ಲಿ ಒಂದೂ ಮೊದಲಿನದಕ್ಕೆ ಹೊಂದಲಿಲ್ಲ. ಅವರದೇ ಕೈಬರಹ ತೋರಿಸಿದರೂ ಹಳೆಯ ನೆನಪು ಮರಳಲಿಲ್ಲ. ಅವರ್‍ಯಾರೂ ಸುಳ್ಳುಗಾರರಲ್ಲ.

ನಮ್ಮ ಮನಸ್ಸು ಕ್ಯಾಮೆರಾ ಅಲ್ಲ. ಜೀವಭಯದಲ್ಲಿ ಗಮನ ಒಂದೆರಡು ವಿಷಯಕ್ಕೆ ಅಂಟಿಕೊಳ್ಳುತ್ತದೆ. ಆ ರಾತ್ರಿ ಅಕ್ಕನ ಗಮನದಲ್ಲಿ ಇದ್ದದ್ದು ಗುಡ್ಡದ ಸದ್ದು ಮತ್ತು ಅವ್ವನ ಕೈ. ಅವೆರಡೂ ಗಟ್ಟಿಯಾಗಿ ಕೂತವು. ಕೊಟ್ಟಿಗೆ ಆ ಗಮನದೊಳಗೆ ಬರಲೇ ಇಲ್ಲ. ಆಮೇಲೆ ಅವ್ವನ ಮೌನ ಒಂದು ಪ್ರಶ್ನೆಯಾಗಿ ನಿಂತಿತು, ಆ ಖಾಲಿ ಜಾಗಕ್ಕೆ ಇಬ್ಬರ ಮನಸ್ಸೂ ಒಂದೊಂದು ಉತ್ತರ ಕಟ್ಟಿಕೊಂಡಿತು. ನೆಂಟರು ಕೇಳಿದಾಗಲೆಲ್ಲ ಹೇಳಿದರು, ಹೇಳಿದ್ದು ಗಟ್ಟಿಯಾಯಿತು. ಚೀಲದ ಕಾಫಿಯನ್ನು ಕಣಕ್ಕೆ ಸುರಿದು ಮತ್ತೆ ತುಂಬುವಾಗ ಕಣದ ಮಣ್ಣೂ ಒಳಗೆ ಹೋಗುತ್ತದಲ್ವಾ, ಹಾಗೆ.

ನಾನು ಕೊಟ್ಟ ಸಲಹೆ ಇದು. ಈ ಸಂದೇಶವನ್ನು ಸಾಕ್ಷಿಯ ಹಾಗೆ ತಮ್ಮನ ಮುಂದೆ ಹಾಕಬೇಡಿ. ಇಂಥದೊಂದು ಇದೆ, ಬೇಕಾದರೆ ಒಬ್ಬನೇ ಕೇಳು ಎಂದಷ್ಟೇ ತಿಳಿಸಿ. ಆಗಸ್ಟ್ ಬಂದಾಗ ನೆಂಟರ ಮುಂದೆ ಈ ಕತೆ ಹೇಳುವುದು ನಿಲ್ಲಿಸಿ. ರಾತ್ರಿ ಅದು ಎದ್ದು ಬಂದರೆ, ನೆನಪಿರುವುದನ್ನು ತಾರೀಖು ಹಾಕಿ ಬರೆದಿಟ್ಟು ಮಲಗಿ.

‘ತಪ್ಪು ಮಾಡಿದವರು ಯಾರು ಅಂತ ತೀರ್ಮಾನ ಮಾಡದೆ ಕಳಿಸಿದಿರಿ’ ಎಂದು ಜೊತೆಯಲ್ಲಿ ಕೆಲಸ ಮಾಡುವವರೊಬ್ಬರು ಬೇಸರಪಟ್ಟರು. ನಾನು ಒಪ್ಪುವುದಿಲ್ಲ. ತೀರ್ಪು ಬೇಕು ಎಂದು ಹಟ ಹಿಡಿದದ್ದೇ ಅಕ್ಕ ತಮ್ಮನನ್ನು ದೂರ ಮಾಡಿತ್ತು. ಜೊತೆಗೆ ಇನ್ನೊಂದು ಮಾತು. ನೆನಪು ಬದಲಾಗುತ್ತದೆ ಎನ್ನುವುದನ್ನು ಯಾರ ಬಾಯಿ ಮುಚ್ಚಿಸಲಿಕ್ಕೂ ಬಳಸಬಾರದು. ಗಂಡನ ಏಟು ತಿಂದ ಹೆಂಗಸು ಬಂದು ಹೇಳಿದಾಗ ‘ನಿನಗೆ ಸರಿಯಾಗಿ ನೆನಪಿಲ್ಲ’ ಎನ್ನುವವರನ್ನು ನಾನು ಕಂಡಿದ್ದೇನೆ. ಆ ಹೆಂಗಸಿಗೆ ವಾರ ತಪ್ಪಬಹುದು, ಸೀರೆಯ ಬಣ್ಣ ತಪ್ಪಬಹುದು. ಅಷ್ಟಕ್ಕೆ ಏಟು ಸುಳ್ಳಾಗುವುದಿಲ್ಲ. ಅಕ್ಕನ ವಿಷಯದಲ್ಲೂ ಅಷ್ಟೇ. ಗುಡ್ಡ ಕುಸಿದದ್ದು, ಗೌರಿ ಹೋದದ್ದು ಇಬ್ಬರ ನೆನಪಿನಲ್ಲೂ ಒಂದೇ ಇತ್ತು.

ಆ ಸಂದೇಶವನ್ನು ತಮ್ಮ ಕೇಳಿದರೋ ಇಲ್ಲವೋ ಅಕ್ಕನಿಗೆ ತಿಳಿದಿಲ್ಲ. ಹುತ್ತರಿ ಹಬ್ಬಕ್ಕೆ ಮಕ್ಕಳನ್ನು ಕರೆದುಕೊಂಡು ಮನೆಗೆ ಬಂದಿದ್ದರಂತೆ. ಆ ವಿಷಯ ಯಾರೂ ತೆಗೆಯಲಿಲ್ಲವಂತೆ.

ಕೊನೆಯ ಭೇಟಿಯಲ್ಲಿ ಅಕ್ಕ ಎದ್ದು ನಿಂತು ಕೇಳಿದರು. ‘ಅವ್ವ ಜೀಪಿನಲ್ಲಿ ಗೌರಿ ಎಲ್ಲಿ ಅಂತ ಕೇಳಿದ್ದು ಈಗ ನೆನಪಾಗ್ತಿದೆ ಮೇಡಂ, ಅವ್ವನ ಧ್ವನಿಯಲ್ಲೇ. ಇದು ನಿಜವಾದ ನೆನಪಾ, ಆ ಸಂದೇಶ ಕೇಳಿದ್ದರಿಂದ ಬಂದದ್ದಾ?’

ಹೇಳಲಿಕ್ಕಾಗದು ಅಂದೆ. ಧ್ವನಿ ಹೇಗಿತ್ತು ಅಂತ ಕೇಳಬೇಕು ಅನ್ನಿಸಿತು. ಕೇಳಲಿಲ್ಲ.